ಡಿಸ್ಕ್ ತುಂಬಿದಾಗ: ದೊಡ್ಡ ಫೈಲುಗಳನ್ನು ಕಮಾಂಡ್ ಲೈನಿನಲ್ಲಿ ಪತ್ತೆ ಹಚ್ಚುವುದು

ಲಗ್ನದ ಸೀಸನ್ ಮುಗಿಯುವ ಹೊತ್ತಿಗೆ ತುಮಕೂರಿನ ಫೋಟೊ ಸ್ಟುಡಿಯೊಗಳಲ್ಲಿ ಒಂದೇ ದೂರು: ಡಿಸ್ಕಿನಲ್ಲಿ ಜಾಗ ಇಲ್ಲ. ಲೆಕ್ಕ ಹಾಕಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಮಾಡುವ ಕ್ಯಾಮೆರಾ ಗಂಟೆಗೆ 22.5 ಜಿಬಿ ತಿನ್ನುತ್ತದೆ. ಸಂಜೆ ಆರತಕ್ಷತೆ ನಾಲ್ಕು ಗಂಟೆ, ಬೆಳಗ್ಗೆ ಮುಹೂರ್ತ ನಾಲ್ಕು ಗಂಟೆ, ಎರಡು ಕ್ಯಾಮೆರಾ ಅಂದರೆ ಒಂದು ಮದುವೆಗೆ 360 ಜಿಬಿ. ಇಂಥ ಮೂರು ಮದುವೆ ಒಂದು ಟಿಬಿ ಡಿಸ್ಕಿಗೆ ಹಿಡಿಸುವುದಿಲ್ಲ. ಇದರ ಮೇಲೆ ನಂದಿ ಬೆಟ್ಟದ್ದೋ ದೇವರಾಯನದುರ್ಗದ್ದೋ ಪ್ರೀವೆಡ್ಡಿಂಗ್ ಶೂಟ್ ಬೇರೆ. ಕೋಲಾರದ ಮಂಡಿಯ ಲೆಕ್ಕದ ಕಂಪ್ಯೂಟರ್, ಗೌರಿಬಿದನೂರಿನ ಶಾಲಾ ಲ್ಯಾಬಿನ ಯಂತ್ರ ಇವು ತುಂಬುವ ಕಾರಣ ಬೇರೆ, ಹುಡುಕುವ ದಾರಿ ಮಾತ್ರ ಇದೇ.

ಮೌಸ್ ಹಿಡಿದು ಫೋಲ್ಡರ್ ಫೋಲ್ಡರ್ ತೆರೆದು ನೋಡಿದರೆ ಅರ್ಧ ದಿನ ಹೋಗುತ್ತದೆ, ಆದರೂ ಕಳ್ಳ ಸಿಗುವುದಿಲ್ಲ. ವಿಂಡೋಸಿನ ಎಕ್ಸ್‌ಪ್ಲೋರರ್ ಫೋಲ್ಡರಿನ ಮುಂದೆ ಗಾತ್ರವನ್ನೇ ತೋರಿಸುವುದಿಲ್ಲ. ಲಿನಕ್ಸಿನ ಫೈಲ್ ಮ್ಯಾನೇಜರ್ ಅಡಗಿಸಿಟ್ಟ ಫೋಲ್ಡರುಗಳನ್ನು ತಾನಾಗಿ ತೋರಿಸುವುದಿಲ್ಲ. ಡಿಸ್ಕ್ ಪೂರ್ತಿ ತುಂಬಿದ ಮೇಲೆ ಹೊಸ ತಂತ್ರಾಂಶ ಇನ್‌ಸ್ಟಾಲ್ ಮಾಡುವುದಕ್ಕೂ ಜಾಗ ಇರುವುದಿಲ್ಲ. ಕಮಾಂಡುಗಳಾದರೆ ಯಂತ್ರದಲ್ಲಿ ಮೊದಲೇ ಇರುತ್ತವೆ. ಮೊದಲು ಬರುವುದು ಲಿನಕ್ಸಿನವು, ವಿಂಡೋಸಿನದು ಕೊನೆಯ ಕಡೆ ಇದೆ.

ಟೈಪ್ ಮಾಡುವ ಮುಂಚೆ

ಇಲ್ಲಿ ಕಮಾಂಡುಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಡಿಎಫ್, ಡಿಯು, ವಿಎಆರ್ ಅಂಥವನ್ನು ಇಂಗ್ಲಿಷಿನ ಒಂದೊಂದೇ ಅಕ್ಷರವಾಗಿ ಒತ್ತಬೇಕು. ಫೈಂಡ್, ಸಾರ್ಟ್, ಟೇಲ್, ಹೋಮ್, ಸೈಜ್ ಅಂಥವು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪದಗಳೇ, ಅದೇ ಸ್ಪೆಲಿಂಗ್. ಎಲ್ಲವೂ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಿನಕ್ಸಿಗೆ ಸಣ್ಣ ಎಂ ಬೇರೆ, ದೊಡ್ಡ ಎಂ ಬೇರೆ. ಸಾಲಿನಲ್ಲಿ ಬಿಡುವು ಕಂಡಲ್ಲೆಲ್ಲ ಒಂದು ಸ್ಪೇಸ್. ಅಡ್ಡಗೆರೆಗೂ ಅದರ ಮುಂದಿನ ಅಕ್ಷರಕ್ಕೂ ನಡುವೆ ಸ್ಪೇಸ್ ಇಲ್ಲ. ನಿಂತ ಗೆರೆ ಸಾಮಾನ್ಯವಾಗಿ ಎಂಟರ್ ಕೀಲಿಯ ಮೇಲಿರುತ್ತದೆ, ಶಿಫ್ಟ್ ಹಿಡಿದು ಒತ್ತಬೇಕು.

ನುಡಿ ಅಥವಾ ಬರಹ ಚಾಲೂ ಇರುವ ಡಿಟಿಪಿ ಕಂಪ್ಯೂಟರಿನಲ್ಲಿ ಮೊದಲು ಕೀಬೋರ್ಡನ್ನು ಇಂಗ್ಲಿಷಿಗೆ ತನ್ನಿ. ಇಲ್ಲವಾದರೆ ಎಷ್ಟು ಸರಿಯಾಗಿ ಒತ್ತಿದರೂ ಕಮಾಂಡ್ ಸಿಗಲಿಲ್ಲ ಅಂತಲೇ ಉತ್ತರ ಬರುತ್ತದೆ.

ಉಬುಂಟು, ಮಿಂಟ್ ಮುಂತಾದವುಗಳಲ್ಲಿ ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿದರೆ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆಯುತ್ತದೆ. ಓಡುತ್ತಿರುವ ಕಮಾಂಡನ್ನು ನಿಲ್ಲಿಸಲು ಕಂಟ್ರೋಲ್ ಸಿ. ಹಾಗಾಗಿ ಟರ್ಮಿನಲ್‌ನಲ್ಲಿ ಕಾಪಿ ಮಾಡಲು ಜೊತೆಗೆ ಶಿಫ್ಟ್ ಕೂಡ ಹಿಡಿಯಬೇಕು. ಎಸ್‌ಯುಡಿಒ ಅಂತ ಶುರುವಾಗುವ ಕಮಾಂಡ್ ಅಡ್ಮಿನ್ ಅಧಿಕಾರದಲ್ಲಿ ಓಡುತ್ತದೆ, ಅದಕ್ಕೆ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಬಹಳಷ್ಟು ಕಡೆ ತೆರೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ, ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳದೆ ಪೂರ್ತಿ ಒತ್ತಿ ಎಂಟರ್ ಕೊಡಿ.

ಮೊದಲು ಯಾವುದು ತುಂಬಿದೆ ನೋಡಿ

ಫೈಲ್ ಹುಡುಕಲು ನೇರವಾಗಿ ಇಳಿಯುವುದೇ ಸಾಮಾನ್ಯ ತಪ್ಪು. ಒಂದು ಕಂಪ್ಯೂಟರಿನಲ್ಲಿ ನಾಲ್ಕು ಪಾರ್ಟಿಷನ್ (ಡಿಸ್ಕಿನ ವಿಭಾಗ) ಇದ್ದು, ತುಂಬಿರುವುದು ಒಂದೇ ಆಗಿದ್ದರೆ ಉಳಿದ ಮೂರರಲ್ಲಿ ಹುಡುಕುವುದು ದಂಡ.

ಡಿಎಫ್ -ಎಚ್

ಸಾಲು ಸಾಲಾಗಿ ಪಾರ್ಟಿಷನ್ನುಗಳು ಬರುತ್ತವೆ: ಒಟ್ಟು ಗಾತ್ರ, ಬಳಸಿದ್ದು, ಉಳಿದಿದ್ದು, ಶೇಕಡಾ, ಕೊನೆಯಲ್ಲಿ ಅದು ಜೋಡಣೆಯಾಗಿರುವ ಜಾಗ. ಆ ಕೊನೆಯ ಕಾಲಂ ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ಕೆಲಸ ಅಲ್ಲಿಂದಲೇ. ಉಬುಂಟುವಿನಲ್ಲಿ /ಡಿಇವಿ/ಲೂಪ್ ಅಂತ ಶುರುವಾಗುವ ಸಾಲುಗಳು ಯಾವಾಗಲೂ 100% ತೋರಿಸುತ್ತವೆ. ಅವು ಸ್ನ್ಯಾಪ್ ಪ್ಯಾಕೇಜುಗಳು, ಅಂದರೆ ಉಬುಂಟು ತಂತ್ರಾಂಶಗಳ ಕಟ್ಟುಗಳು, ಓದುವುದಕ್ಕೆ ಮಾತ್ರ ಇರುವಂಥವು, ಹುಟ್ಟುವಾಗಲೇ ತುಂಬಿರುತ್ತವೆ. ಅವುಗಳ ಗೊಡವೆಗೆ ಹೋಗಬೇಡಿ. ಟಿಎಂಪಿಎಫ್‌ಎಸ್ ಅಂತ ಇರುವುದು ರ‍್ಯಾಮ್‌ನಲ್ಲಿರುವ ಜಾಗ, ಡಿಸ್ಕಿಗೆ ಸಂಬಂಧವಿಲ್ಲ.

ಒಟ್ಟು, ಬಳಸಿದ್ದು, ಉಳಿದಿದ್ದು ಈ ಮೂರನ್ನು ಕೂಡಿ ಕಳೆದರೆ ಲೆಕ್ಕ ತಾಳೆಯಾಗುವುದಿಲ್ಲ ಅಂತ ಕೆಲವರು ಗಾಬರಿಯಾಗುತ್ತಾರೆ. ಇಎಕ್ಸ್‌ಟಿ4 ಫೈಲ್ ಸಿಸ್ಟಂ, ಅಂದರೆ ಲಿನಕ್ಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಧಾನ, ಮಾಮೂಲಾಗಿ 5% ಜಾಗವನ್ನು ಅಡ್ಮಿನ್‌ಗೆ ಅಂತ ಕಾದಿರಿಸುತ್ತದೆ. ಒಂದು ಟಿಬಿಗೆ ಹತ್ತಿರ ಹತ್ತಿರ 50 ಜಿಬಿ. ಸಿಸ್ಟಂ ಇರುವ ಪಾರ್ಟಿಷನ್ನಿನಲ್ಲಿ ಅದು ಇರಲಿ. ವಿಡಿಯೊ ಮಾತ್ರ ಇಡುವ ಡಿಸ್ಕಿನಲ್ಲಿ ಅಷ್ಟು ಬೇಕಿಲ್ಲ, ಟ್ಯೂನ್2ಎಫ್‌ಎಸ್ ಕಮಾಂಡಿಗೆ -ಎಂ 1 ಕೊಟ್ಟು 1%ಗೆ ಇಳಿಸಬಹುದು.

ಜಾಗ ಉಳಿದಿದೆ ಅಂತ ಕಾಣುತ್ತಿದ್ದರೂ ಜಾಗ ಇಲ್ಲ ಅನ್ನುವ ಸಂದೇಶ ಬಂದರೆ ಡಿಎಫ್ -ಐ ಓಡಿಸಿ. ಪ್ರತಿ ಫೈಲಿಗೂ ಐನೋಡ್ ಅನ್ನುವ ಒಂದು ದಾಖಲೆ ಬೇಕು, ಇಎಕ್ಸ್‌ಟಿ4ನಲ್ಲಿ ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿ. ಲಕ್ಷಗಟ್ಟಲೆ ಪುಟ್ಟ ಫೈಲುಗಳಿದ್ದರೆ ಜಾಗಕ್ಕಿಂತ ಮುಂಚೆ ಐನೋಡ್ ಮುಗಿಯುತ್ತದೆ. ಆಗ ದೊಡ್ಡ ಫೈಲ್ ಹುಡುಕಿ ಪ್ರಯೋಜನವಿಲ್ಲ.

ಮೇಲಿನಿಂದ ಕೆಳಕ್ಕೆ ಇಳಿಯುವುದು

ತುಂಬಿದ ಪಾರ್ಟಿಷನ್ ಗೊತ್ತಾಯಿತು. ಅದು ಬರೀ ಓರೆಗೆರೆ, ಅಂದರೆ ಸಿಸ್ಟಮ್ಮಿನ ಬುಡ, ಅಂತಿಟ್ಟುಕೊಳ್ಳಿ.

ಎಸ್‌ಯುಡಿಒ ಡಿಯು -ಎಕ್ಸ್‌ಎಚ್ -ಡಿ 1 / | ಸಾರ್ಟ್ -ಎಚ್

ಡಿಯು ಪ್ರತಿ ಫೋಲ್ಡರಿನ ಒಟ್ಟು ಗಾತ್ರ ಕೂಡುತ್ತದೆ. ನಿಂತ ಗೆರೆ ಆ ಪಟ್ಟಿಯನ್ನು ಸಾರ್ಟ್‌ಗೆ ದಾಟಿಸುತ್ತದೆ. -ಡಿ 1 ಅಂದರೆ ಒಂದೇ ಮೆಟ್ಟಿಲು ಕೆಳಗಿನವರೆಗೆ ತೋರಿಸು. ಅದಿಲ್ಲದಿದ್ದರೆ ಸಾವಿರಾರು ಸಾಲು ಹರಿದು ಹೋಗುತ್ತವೆ. -ಎಕ್ಸ್ ಅಂದರೆ ಈ ಪಾರ್ಟಿಷನ್ ಬಿಟ್ಟು ಹೊರಗೆ ಹೋಗಬೇಡ. ಅದನ್ನು ಮರೆತರೆ ಚುಚ್ಚಿಟ್ಟ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್, ನೆಟ್‌ವರ್ಕ್ ಫೋಲ್ಡರ್ ಎಲ್ಲ ಸೇರಿ ಇಲ್ಲದ ಲೆಕ್ಕ ಬರುತ್ತದೆ. ಇದರ ಇನ್ನೊಂದು ಮಗ್ಗುಲೂ ಇದೆ: ಹೋಮ್ ಬೇರೆ ಪಾರ್ಟಿಷನ್ನಿನಲ್ಲಿದ್ದರೆ -ಎಕ್ಸ್ ಅದರೊಳಗೂ ಹೋಗುವುದಿಲ್ಲ. ಆಗ ಓರೆಗೆರೆಯ ಬದಲು /ಹೋಮ್ ಕೊಟ್ಟು ಇನ್ನೊಮ್ಮೆ ಓಡಿಸಬೇಕು.

ಸಾರ್ಟ್‌ನ -ಎಚ್ ಮರೆತು -ಎನ್ ಹಾಕಿದರೆ 900ಕೆ ಅನ್ನುವುದು 2ಜಿಗಿಂತ ದೊಡ್ಡದಾಗಿ ಕೂರುತ್ತದೆ, ಯಾಕೆಂದರೆ ಅದು 900 ಮತ್ತು 2 ಅನ್ನುವ ಅಂಕಿಗಳನ್ನಷ್ಟೇ ನೋಡುತ್ತದೆ. -ಎಚ್ ಹಾಕಿದರೆ ಕೆ, ಎಂ, ಜಿ ಗೊತ್ತಾಗುತ್ತದೆ. ಅತಿ ದೊಡ್ಡದು ಕೊನೆಗೆ ಬರುತ್ತದೆ, ಅಂದರೆ ಕರ್ಸರ್ ಪಕ್ಕದಲ್ಲೇ ಇರುತ್ತದೆ, ಮೇಲಕ್ಕೆ ಸ್ಕ್ರೋಲ್ ಮಾಡುವ ಕೆಲಸವಿಲ್ಲ.

ದೊಡ್ಡದಾಗಿ ಕಂಡ ಫೋಲ್ಡರಿನ ಹೆಸರನ್ನು ಓರೆಗೆರೆಯ ಜಾಗದಲ್ಲಿ ಹಾಕಿ ಅದೇ ಕಮಾಂಡ್ ಮತ್ತೆ. ಮೇಲಿನ ಬಾಣದ ಕೀಲಿ ಒತ್ತಿದರೆ ಹಿಂದಿನ ಕಮಾಂಡ್ ವಾಪಸ್ ಬರುತ್ತದೆ, ತಿದ್ದಿದರೆ ಸಾಕು. ಮೂರು ನಾಲ್ಕು ಸಲಕ್ಕೆ ಕಳ್ಳ ಸಿಗುತ್ತಾನೆ. ತಿರುಗುವ ಡಿಸ್ಕಿನಲ್ಲಿ ಮೊದಲ ಸಲ ಬಹಳ ಹೊತ್ತು ಹಿಡಿಯುತ್ತದೆ, ಬೇಗನೇ ಮತ್ತೆ ಓಡಿಸಿದರೆ ಮಾಹಿತಿ ರ‍್ಯಾಮ್‌ನಲ್ಲಿ ಇರುವುದರಿಂದ ತಟಕ್ಕನೆ ಮುಗಿಯುತ್ತದೆ.

ಇದೇ ಇಳಿಯುವ ಕೆಲಸಕ್ಕೆ ಎನ್‌ಸಿಡಿಯು ಅನ್ನುವ ಪುಟ್ಟ ತಂತ್ರಾಂಶ ಇದೆ. ಜಾಗ ಉಳಿದಿರುವಾಗಲೇ ಇನ್‌ಸ್ಟಾಲ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಬಾಣದ ಕೀಲಿಗಳಲ್ಲಿ ಫೋಲ್ಡರ್ ಒಳಗೆ ಹೋಗಿ ಬರಬಹುದು. ಆದರೆ ಅದರಲ್ಲಿ ಡಿ ಒತ್ತಿದರೆ ಅಳಿಸುವ ಪ್ರಶ್ನೆ ಬರುತ್ತದೆ, ಅವಸರದಲ್ಲಿ ಹೌದು ಅಂದುಬಿಟ್ಟರೆ ಕಥೆ ಮುಗಿಯಿತು. ಸ್ಟುಡಿಯೊದಲ್ಲಿ ಹುಡುಗರ ಕೈಗೆ ಕೊಡುವುದಾದರೆ ಎನ್‌ಸಿಡಿಯು -ಆರ್‌ಎಕ್ಸ್ / ಅಂತಲೇ ಕಲಿಸಿ. ಆರ್ ಇದ್ದರೆ ನೋಡಬಹುದು, ಅಳಿಸಲಾಗದು.

ಫೈಲುಗಳ ಪಟ್ಟಿ

ಫೋಲ್ಡರ್ ಮಟ್ಟದಲ್ಲಿ ಗೊತ್ತಾದ ಮೇಲೆ ಒಂದೊಂದೇ ಫೈಲಿನ ಪಟ್ಟಿ ಬೇಕು. ಡಿಯುಗೆ -ಎ ಕೊಟ್ಟರೆ ಫೈಲುಗಳನ್ನೂ ತೋರಿಸುತ್ತದೆ ನಿಜ, ಆದರೆ ಫೋಲ್ಡರಿನ ಮೊತ್ತವೂ ಫೈಲೂ ಬೆರೆತು ಒಂದೇ ಸಾಮಾನು ನಾಲ್ಕು ಸಲ ಎಣಿಕೆಯಾದ ಹಾಗೆ ಕಾಣುತ್ತದೆ. ಇದಕ್ಕೆ ಸರಿಯಾದ ಆಯುಧ ಫೈಂಡ್.

ಎಸ್‌ಯುಡಿಒ ಫೈಂಡ್ /ಹೋಮ್ -ಎಕ್ಸ್‌ಡಿಇವಿ -ಟೈಪ್ ಎಫ್ -ಸೈಜ್ +500ಎಂ -ಪ್ರಿಂಟ್‌ಎಫ್ '%ಎಸ್ %ಪಿ\ಎನ್' | ಸಾರ್ಟ್ -ಎನ್ | ಟೇಲ್ -20

ಇದರಲ್ಲಿ 500ರ ಪಕ್ಕದ ಎಂ ಮಾತ್ರ ದೊಡ್ಡಕ್ಷರ. ಸಣ್ಣಕ್ಷರ ಹಾಕಿದರೆ ಫೈಂಡ್ ಒಪ್ಪುವುದಿಲ್ಲ. ಎಕ್ಸ್‌ಡಿಇವಿ ಅಂದರೆ ಡಿಯುನ -ಎಕ್ಸ್ ಮಾಡುವ ಕೆಲಸವೇ. ಬುಡದಿಂದ ಹುಡುಕುವಾಗ ಇದನ್ನು ಬಿಟ್ಟರೆ ಪಟ್ಟಿಯ ಕೊನೆಯಲ್ಲಿ ಪ್ರಾಕ್ ಫೋಲ್ಡರಿನ ಕೆಕೋರ್ ಅನ್ನುವ ಫೈಲ್ 128 ಟಿಬಿ ಗಾತ್ರದಲ್ಲಿ ಬಂದು ಕೂರುತ್ತದೆ. ಅದು ಡಿಸ್ಕಿನಲ್ಲಿ ಇಲ್ಲವೇ ಇಲ್ಲ, ಸಿಸ್ಟಮ್ಮಿನ ತಿರುಳಾದ ಕರ್ನಲ್ ತನ್ನ ಮೆಮೊರಿಯನ್ನು ಫೈಲಿನ ವೇಷದಲ್ಲಿ ತೋರಿಸುವುದು ಅಷ್ಟೆ. ಉದ್ಧರಣ ಚಿಹ್ನೆಗಳ ಒಳಗಿನ %ಎಸ್ ಬೈಟುಗಳಲ್ಲಿ ಗಾತ್ರ, %ಪಿ ಪೂರ್ತಿ ವಿಳಾಸ, ಹಿಮ್ಮುಖ ಓರೆಗೆರೆ ಎನ್ ಹೊಸ ಸಾಲು. ಈ ಪ್ರಿಂಟ್‌ಎಫ್ ಸೌಲಭ್ಯ ಮ್ಯಾಕ್‌ನ ಫೈಂಡ್‌ನಲ್ಲಿ ಇಲ್ಲ.

ಸೈಜ್ ಮುಂದಿನ + ಚಿಹ್ನೆಯನ್ನು ಬಿಡಬೇಡಿ. ಫೈಂಡ್ ಗಾತ್ರವನ್ನು ನೀವು ಕೊಟ್ಟ ಮಾನಕ್ಕೆ ಮೇಲಕ್ಕೆ ದುಂಡಾಗಿಸುತ್ತದೆ. ಹಾಗಾಗಿ ಒಂದು ಜಿಬಿಗಿಂತ ಕಡಿಮೆ ಇರುವುದನ್ನು ಕೊಡು ಅಂತ -1ಜಿ ಕೇಳಿದರೆ ಬರೀ ಖಾಲಿ ಫೈಲುಗಳು ಬರುತ್ತವೆ, ಯಾಕೆಂದರೆ ಒಂದೇ ಬೈಟ್ ಇದ್ದರೂ ಅದರ ಲೆಕ್ಕದಲ್ಲಿ ಅದು ಒಂದು ಜಿಬಿ.

500ಎಂ ಅನ್ನುವ ಮಿತಿ ಸುಮ್ಮನೆ ಹಾಕಿದ್ದಲ್ಲ. ಸಾರ್ಟ್ ದೊಡ್ಡ ಪಟ್ಟಿ ಸಿಕ್ಕಿದರೆ ತಾತ್ಕಾಲಿಕ ಫೈಲನ್ನು ಟಿಎಂಪಿ ಫೋಲ್ಡರಿನಲ್ಲಿ ಬರೆಯುತ್ತದೆ. ಡಿಸ್ಕ್ 100% ತುಂಬಿರುವಾಗ ಅದಕ್ಕೂ ಜಾಗವಿಲ್ಲದೆ ಕಮಾಂಡ್ ಅರ್ಧಕ್ಕೇ ಬಿದ್ದುಹೋಗುತ್ತದೆ. ದೊಡ್ಡ ಫೈಲುಗಳನ್ನು ಮೊದಲೇ ಸೋಸಿಕೊಂಡರೆ ಪಟ್ಟಿ ಚಿಕ್ಕದಾಗಿ ರ‍್ಯಾಮ್‌ನಲ್ಲೇ ಕೆಲಸ ಮುಗಿಯುತ್ತದೆ. ಅದೇ ಕಾರಣಕ್ಕೆ ಪಟ್ಟಿಯನ್ನು ಫೈಲಿಗೆ ಬರೆದಿಟ್ಟುಕೊಳ್ಳುವುದಾದರೆ ಪೆನ್‌ಡ್ರೈವಿಗೆ ಬರೆಯಿರಿ, ತುಂಬಿದ ಡಿಸ್ಕಿಗೇ ಅಲ್ಲ.

ಹೀಗೊಂದು ಪಟ್ಟಿ ಬಂತು ಅನ್ನಿ:

2147614720 /ಹೋಮ್/ಸ್ಟುಡಿಯೊ/ತಿಪಟೂರು ಮದುವೆ/ಡ್ರೋನ್/0007.ಎಂಪಿ4
4294508544 /ಹೋಮ್/ಸ್ಟುಡಿಯೊ/ತಿಪಟೂರು ಮದುವೆ/ಕ್ಯಾಮೆರಾ1/0001.ಎಂಟಿಎಸ್
4294508544 /ಹೋಮ್/ಸ್ಟುಡಿಯೊ/ಹೊಸ ಫೋಲ್ಡರ್/0001.ಎಂಟಿಎಸ್
4294574080 /ಹೋಮ್/ಸ್ಟುಡಿಯೊ/ತಿಪಟೂರು ಮದುವೆ/ಕ್ಯಾಮೆರಾ1/0002.ಎಂಟಿಎಸ್
38654705664 /ಹೋಮ್/ಸ್ಟುಡಿಯೊ/ಎಕ್ಸ್‌ಪೋರ್ಟ್/ಫೈನಲ್_2.ಎಂಒವಿ

ಇದನ್ನು ಓದುವುದರಲ್ಲೇ ಅರ್ಧ ಕೆಲಸ ಇದೆ. ನಾಲ್ಕು ಜಿಬಿ ಆಸುಪಾಸಿನ ಫೈಲುಗಳು ಸಾಲಾಗಿ ಬಂದರೆ ಒಂದೇ ವಿಡಿಯೊ ಹತ್ತು ಸಲ ಕಾಪಿಯಾಗಿದೆ ಅಂತ ತಿಳಿದು ಅಳಿಸಿದವರಿದ್ದಾರೆ. ಹಲವು ಮೆಮೊರಿ ಕಾರ್ಡುಗಳ ಫೈಲ್ ಸಿಸ್ಟಂ ಆದ ಫ್ಯಾಟ್32ನಲ್ಲಿ ಒಂದು ಫೈಲ್ 4294967295 ಬೈಟ್ ಮೀರುವಂತಿಲ್ಲ, ಆದ್ದರಿಂದ ಬಹಳಷ್ಟು ಕ್ಯಾಮೆರಾಗಳು ಉದ್ದದ ರೆಕಾರ್ಡಿಂಗನ್ನು ನಾಲ್ಕು ಜಿಬಿಯ ಒಳಗೇ ತುಂಡು ಮಾಡುತ್ತವೆ. ಮೇಲಿನ 0001, 0002 ಒಂದೇ ಧಾರೆಯ ಮೊದಲ ಮತ್ತು ಎರಡನೇ ಭಾಗ. ಒಂದನ್ನು ಅಳಿಸಿದರೆ ಮಾಂಗಲ್ಯಧಾರಣೆಯೇ ಹೋಗಬಹುದು.

ಹೊಸ ಫೋಲ್ಡರಿನಲ್ಲಿರುವ 0001 ಮಾತ್ರ ಬೇರೆ ವಿಷಯ. ಗಾತ್ರ ಕೊನೆಯ ಬೈಟಿನವರೆಗೂ ಒಂದೇ. ಕಾರ್ಡನ್ನು ಎರಡು ಸಲ ಇಳಿಸಿಕೊಂಡ ಗುರುತು ಇದು. ಗಾತ್ರವನ್ನು 4.0ಜಿ ಅಂತ ಚಂದವಾಗಿ ತೋರಿಸದೆ ಬೈಟುಗಳಲ್ಲೇ ಇಟ್ಟಿದ್ದು ಇದಕ್ಕಾಗಿಯೇ. ದುಂಡಾಗಿಸಿದರೆ ಮೂರೂ ಫೈಲು ಒಂದೇ ಥರ ಕಾಣುತ್ತಿದ್ದವು. ಆದರೂ ಗಾತ್ರ ನಂಬಿ ಅಳಿಸಬೇಡಿ. ಸಿಎಂಪಿ ಅಂತ ಬರೆದು ಎರಡೂ ಫೈಲಿನ ವಿಳಾಸ ಕೊಡಿ. ಏನೂ ಹೇಳದೆ ಸುಮ್ಮನೆ ಮುಗಿದರೆ ಎರಡೂ ಒಂದೇ. ಬೇರೆಯಾಗಿದ್ದರೆ ಎಷ್ಟನೇ ಬೈಟಿನಲ್ಲಿ ವ್ಯತ್ಯಾಸ ಅಂತ ಹೇಳುತ್ತದೆ.

ಕೊನೆಯ 36 ಜಿಬಿಯ ಎಕ್ಸ್‌ಪೋರ್ಟ್ ಮೇಲೇ ಮೊದಲು ಕಣ್ಣು ಹಾಕಬೇಕು. ಮೂಲ ಕ್ಲಿಪ್ಪುಗಳೂ ಪ್ರಾಜೆಕ್ಟ್ ಫೈಲೂ ಇದ್ದರೆ ಅದನ್ನು ಮತ್ತೆ ತಯಾರಿಸಬಹುದು. ಕ್ಯಾಮೆರಾದ ಫೈಲನ್ನು ಮತ್ತೆ ತಯಾರಿಸಲು ಮದುವೆ ಮತ್ತೆ ಆಗಬೇಕು. ಹಾಗಾಗಿ ಪಟ್ಟಿಯಲ್ಲಿ ದೊಡ್ಡದು ಯಾವುದು ಅನ್ನುವುದಕ್ಕಿಂತ ಮರಳಿ ಹುಟ್ಟಿಸಬಹುದಾದ್ದು ಯಾವುದು ಅನ್ನುವುದೇ ಮುಖ್ಯ: ಎಕ್ಸ್‌ಪೋರ್ಟ್, ಪ್ರಿವ್ಯೂ, ಎಡಿಟಿಂಗ್ ತಂತ್ರಾಂಶದ ಮೀಡಿಯಾ ಕ್ಯಾಶ್, ಡೌನ್‌ಲೋಡ್ ಆದ ಐಎಸ್‌ಒ ಇಮೇಜುಗಳು. ಇವುಗಳಲ್ಲೇ ಎಷ್ಟೋ ಸಲ ಬೇಕಾದಷ್ಟು ಜಾಗ ಸಿಗುತ್ತದೆ.

ಗಾತ್ರದ ಬಗ್ಗೆ ಒಂದು ಮಾತು. ಡಿಸ್ಕ್ ಮಾರುವವರ ಟಿಬಿ 1000ದ ಲೆಕ್ಕ, ಡಿಎಫ್ -ಎಚ್ ಮತ್ತು ವಿಂಡೋಸ್ 1024ರ ಲೆಕ್ಕ. ಒಂದು ಟಿಬಿ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ಅಂತ ಕಾಣುವುದು ಅದಕ್ಕೇ. ಅಂಗಡಿಯವನು ಮೋಸ ಮಾಡಿದ್ದಲ್ಲ. ಉಬುಂಟುವಿನ ಫೈಲ್ ಮ್ಯಾನೇಜರ್ 1000ದ ಲೆಕ್ಕದಲ್ಲಿ ತೋರಿಸುವುದರಿಂದ ಅಲ್ಲಿ 4.3 ಜಿಬಿ ಇರುವ ಫೈಲ್ ಟರ್ಮಿನಲ್‌ನಲ್ಲಿ 4.0ಜಿ.

ಲೆಕ್ಕ ತಾಳೆಯಾಗದಿದ್ದಾಗ

ಡಿಎಫ್ 450 ಜಿಬಿ ಬಳಕೆಯಾಗಿದೆ ಅನ್ನುತ್ತದೆ, ಡಿಯು ಕೂಡಿದರೆ 300 ಬರುತ್ತದೆ. ಉಳಿದ 150 ಎಲ್ಲಿ? ಕಾರಣಗಳು ಹಲವು. ಎಸ್‌ಯುಡಿಒ ಹಾಕದೆ ಓಡಿಸಿದ್ದರೆ ಅನುಮತಿ ಇಲ್ಲದ ಫೋಲ್ಡರುಗಳನ್ನು ಡಿಯು ಬಿಟ್ಟಿರುತ್ತದೆ, ಅದನ್ನು ಮೊದಲು ಸರಿಮಾಡಿ. ಆಮೇಲೂ ವ್ಯತ್ಯಾಸ ಉಳಿದರೆ ಸಾಮಾನ್ಯವಾಗಿ ಮುಂದಿನ ಎರಡರಲ್ಲಿ ಒಂದು.

ಮೊದಲನೆಯದು, ಅಳಿಸಿದರೂ ಸಾಯದ ಫೈಲ್. ಲಿನಕ್ಸಿನಲ್ಲಿ ಯಾವುದೋ ಪ್ರೋಗ್ರಾಂ ತೆರೆದಿಟ್ಟುಕೊಂಡಿರುವ ಫೈಲನ್ನು ಅಳಿಸಿದರೆ ಹೆಸರು ಹೋಗುತ್ತದೆ, ಜಾಗ ಹೋಗುವುದಿಲ್ಲ. ಆ ಪ್ರೋಗ್ರಾಂ ಮುಚ್ಚುವವರೆಗೆ ಜಾಗ ಹಿಡಿದೇ ಇರುತ್ತದೆ. ಹೆಸರಿಲ್ಲದ್ದನ್ನು ಡಿಯು ಎಣಿಸಲಾರದು, ಡಿಎಫ್ ಮಾತ್ರ ಎಣಿಸುತ್ತದೆ.

ಎಸ್‌ಯುಡಿಒ ಎಲ್‌ಎಸ್‌ಒಎಫ್ +ಎಲ್1

ಇಲ್ಲಿ + ನಂತರದ ಎಲ್ ದೊಡ್ಡಕ್ಷರ. ಹೀಗೆ ನೇತಾಡುತ್ತಿರುವ ಫೈಲುಗಳೂ ಅವನ್ನು ಹಿಡಿದಿರುವ ಪ್ರೋಗ್ರಾಂಗಳೂ ಬರುತ್ತವೆ. ಆ ಪ್ರೋಗ್ರಾಮನ್ನು ಮುಚ್ಚಿ ತೆರೆದರೆ ಜಾಗ ವಾಪಸ್. ಇದೇ ಕಾರಣಕ್ಕೆ ಬೆಳೆಯುತ್ತಿರುವ ಲಾಗ್ (ಪ್ರೋಗ್ರಾಂ ತನ್ನ ಕೆಲಸ ದಾಖಲಿಸುವ) ಫೈಲನ್ನು ಅಳಿಸುವುದಕ್ಕಿಂತ ಟ್ರಂಕೇಟ್ -ಎಸ್ 0 ಕೊಟ್ಟು ಖಾಲಿ ಮಾಡುವುದು ಮೇಲು. ಸಿಸ್ಟಮ್ಮಿನ ಜರ್ನಲ್, ಅಂದರೆ ಅದರದೇ ಲಾಗ್, ದೊಡ್ಡದಾಗಿದ್ದರೆ ಅದನ್ನು ಕೈಯಾರೆ ಮುಟ್ಟಬೇಡಿ, ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ ಅನ್ನುವ ಕಮಾಂಡ್ ಅದಕ್ಕೆಂದೇ ಇದೆ. ಅಲ್ಲಿಯೂ 200ರ ಪಕ್ಕದ ಎಂ ದೊಡ್ಡಕ್ಷರ.

ಎರಡನೆಯದು ಇನ್ನೂ ಕುತಂತ್ರದ್ದು. ರಾತ್ರಿ ಹೊತ್ತು ತಾನಾಗಿ ಎಕ್ಸ್‌ಟರ್ನಲ್ ಡಿಸ್ಕಿಗೆ ಬ್ಯಾಕಪ್ ಆಗುವ ಹಾಗೆ ಇಟ್ಟಿರುತ್ತಾರೆ. ಒಂದು ರಾತ್ರಿ ಡಿಸ್ಕಿನ ಕೇಬಲ್ ಸಡಿಲವಾಗಿರುತ್ತದೆ, ಅಥವಾ ಕರೆಂಟ್ ಹೋಗಿ ಬಂದಾಗ ಡಿಸ್ಕ್ ಜೋಡಣೆಯಾಗಿರುವುದಿಲ್ಲ. ಡಿಸ್ಕ್ ಇಲ್ಲದಿದ್ದರೂ /ಎಂಎನ್‌ಟಿ/ಬ್ಯಾಕಪ್ ಅನ್ನುವ ಖಾಲಿ ಫೋಲ್ಡರ್ ಇದ್ದೇ ಇರುತ್ತದೆ. ಬ್ಯಾಕಪ್ ಅದರೊಳಗೆ, ಅಂದರೆ ಕಂಪ್ಯೂಟರಿನ ಸ್ವಂತ ಡಿಸ್ಕಿನ ಮೇಲೇ, ಬಂದು ಬೀಳುತ್ತದೆ. ಬೆಳಗ್ಗೆ ಕೇಬಲ್ ಸರಿಮಾಡಿ ಡಿಸ್ಕ್ ಜೋಡಿಸಿದರೆ ಅದು ಆ ಫೋಲ್ಡರಿನ ಮೇಲೆ ಕೂತು ಕೆಳಗಿನದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಆಮೇಲೆ ಡಿಯುಗೂ ಕಾಣದು, ಫೈಂಡ್‌ಗೂ ಕಾಣದು. ಬಿಡಿಸಿ ನೋಡಲು ಒಂದು ಖಾಲಿ ಫೋಲ್ಡರ್ ಮಾಡಿಕೊಂಡು ಬುಡವನ್ನು ಅಲ್ಲಿ ಇನ್ನೊಮ್ಮೆ ಜೋಡಿಸಬೇಕು:

ಎಸ್‌ಯುಡಿಒ ಎಂಕೆಡಿಐಆರ್ /ಎಂಎನ್‌ಟಿ/ನೋಟ
ಎಸ್‌ಯುಡಿಒ ಮೌಂಟ್ --ಬೈಂಡ್ / /ಎಂಎನ್‌ಟಿ/ನೋಟ

ಈಗ /ಎಂಎನ್‌ಟಿ/ನೋಟ/ಎಂಎನ್‌ಟಿ/ಬ್ಯಾಕಪ್ ಒಳಗೆ ಡಿಯು ಓಡಿಸಿದರೆ ಅಡಗಿದ್ದು ಹೊರಬೀಳುತ್ತದೆ. ನೋಟ ಅನ್ನುವ ಜಾಗದಲ್ಲಿ ನಿಮಗೆ ಇಷ್ಟವಾದ ಹೆಸರು ಇಟ್ಟುಕೊಳ್ಳಿ. ಕೆಲಸ ಮುಗಿದ ಕೂಡಲೇ ಯುಮೌಂಟ್ ಕಮಾಂಡಿನಿಂದ ಬಿಚ್ಚಬೇಕು, ಅದರ ಸ್ಪೆಲಿಂಗ್ ಮೌಂಟ್ ಹಿಂದೆ ಬರೀ ಯು ಅಕ್ಷರ. ಬಿಚ್ಚದೆ ಆ ಫೋಲ್ಡರನ್ನೇ ಅಳಿಸಲು ಹೋದರೆ ಇಡೀ ಸಿಸ್ಟಂ ಅಳಿಸಿಹೋಗುತ್ತದೆ.

ಉಲ್ಟಾ ಲೆಕ್ಕವೂ ಬರುವುದುಂಟು: ಪಟ್ಟಿಯಲ್ಲಿ 100 ಜಿಬಿ ಅಂತ ಕಂಡ ಫೈಲನ್ನು ಅಳಿಸಿದರೂ ಸಿಕ್ಕಿದ್ದು 12 ಜಿಬಿ. ವರ್ಚುವಲ್ ಮೆಷಿನ್ನಿನ (ಕಂಪ್ಯೂಟರಿನೊಳಗೆ ಓಡುವ ಕಂಪ್ಯೂಟರಿನ) ಡಿಸ್ಕ್ ಇಮೇಜುಗಳು ಹೆಸರಿಗೆ ದೊಡ್ಡವು, ಬರೆದಷ್ಟು ಭಾಗಕ್ಕೆ ಮಾತ್ರ ಜಾಗ ತೆಗೆದುಕೊಳ್ಳುತ್ತವೆ. ಫೈಂಡ್‌ನ %ಎಸ್ ತೋರಿಸುವುದು ಹೆಸರಿನ ಗಾತ್ರ, ಡಿಯು ತೋರಿಸುವುದು ನಿಜವಾಗಿ ಹಿಡಿದ ಜಾಗ. ಅನುಮಾನ ಬಂದರೆ ಆ ಒಂದು ಫೈಲಿಗೆ ಡಿಯು -ಎಚ್ ಕೊಟ್ಟು ನೋಡಿ. ಮಿಂಟ್‌ನ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟುಗಳಲ್ಲಿ, ಅಂದರೆ ಸಿಸ್ಟಂ ಹಿಂದಿನ ಸ್ಥಿತಿಗೆ ಮರಳಲು ಉಳಿಸಿದ ಪ್ರತಿಗಳಲ್ಲಿ, ಒಂದೇ ಫೈಲಿಗೆ ಹಲವು ಹೆಸರು ಇರುತ್ತದೆ, ಒಂದು ಕಡೆ ಅಳಿಸಿದರೆ ಒಂದು ಬೈಟೂ ಸಿಗುವುದಿಲ್ಲ. ಅವುಗಳನ್ನು ಟೈಮ್‌ಶಿಫ್ಟ್ ಮೂಲಕವೇ ತೆಗೆಯಬೇಕು.

ಇನ್ನು ಕಸದ ಬುಟ್ಟಿ. ಮೌಸಿನಲ್ಲಿ ಅಳಿಸಿದ್ದು ಹೋಮ್ ಒಳಗಿನ .ಲೋಕಲ್/ಶೇರ್/ಟ್ರ್ಯಾಶ್ ಫೋಲ್ಡರಿನಲ್ಲಿ ಕೂತಿರುತ್ತದೆ, ಟ್ರ್ಯಾಶ್‌ನ ಮೊದಲ ಟಿ ಎಲ್ಲ ಕಡೆಯೂ ದೊಡ್ಡಕ್ಷರ. ಎಕ್ಸ್‌ಟರ್ನಲ್ ಡಿಸ್ಕಿನ ಫೈಲನ್ನು ಅಳಿಸಿದರೆ ಆ ಡಿಸ್ಕಿನಲ್ಲೇ ಚುಕ್ಕಿಯಿಂದ ಶುರುವಾಗುವ .ಟ್ರ್ಯಾಶ್-1000 ಅನ್ನುವ ಫೋಲ್ಡರ್ ಹುಟ್ಟುತ್ತದೆ. ಪೆನ್‌ಡ್ರೈವ್ ಖಾಲಿ ಕಾಣುತ್ತದೆ, ಆದರೆ ಜಾಗವಿಲ್ಲ ಅನ್ನುವ ಮಾತು ಬಂದಾಗ ಬಹುಪಾಲು ಇದೇ ಕಾರಣ.

ಕನ್ನಡ ಹೆಸರುಗಳು, ಸ್ಪೇಸ್ ಇರುವ ಹೆಸರುಗಳು

ತಿಪಟೂರು ಮದುವೆ ಅಂತ ನಡುವೆ ಸ್ಪೇಸ್ ಇರುವ ಹೆಸರನ್ನು ಹಾಗೆಯೇ ಕೊಟ್ಟರೆ ಕಮಾಂಡ್ ಅದನ್ನು ಎರಡು ಫೋಲ್ಡರ್ ಅಂದುಕೊಳ್ಳುತ್ತದೆ. ಅಳಿಸುವ ಕಮಾಂಡಿನಲ್ಲಿ ಇದು ಅಪಾಯ. ಯಾವಾಗಲೂ ಉದ್ಧರಣ ಚಿಹ್ನೆಗಳ ನಡುವೆ ಹಾಕಿ, ಅಥವಾ ಮೊದಲ ಎರಡು ಅಕ್ಷರ ಒತ್ತಿ ಟ್ಯಾಬ್ ಕೊಡಿ, ಉಳಿದಿದ್ದನ್ನು ಟರ್ಮಿನಲ್ಲೇ ತುಂಬುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಕೆಲವು ಸಲ \340\262 ಇಲ್ಲವೇ \340\263 ಅಂತ ಶುರುವಾಗುವ ಅಂಕಿಗಳ ಸರದಂತೆ ಕಾಣುತ್ತವೆ. ವೈರಸ್ ಅಲ್ಲ, ಫೈಲ್ ಕೆಟ್ಟೂ ಇಲ್ಲ. ಯುನಿಕೋಡ್ ಕನ್ನಡದ ಪ್ರತಿ ಅಕ್ಷರವೂ ಯುಟಿಎಫ್-8ರಲ್ಲಿ ಈ ಎರಡು ಜೋಡಿಗಳಲ್ಲಿ ಒಂದರಿಂದಲೇ ಶುರುವಾಗುತ್ತದೆ. ಟರ್ಮಿನಲ್ಲಿನ ಭಾಷಾ ಸೆಟ್ಟಿಂಗ್ ಅದನ್ನು ಅಕ್ಷರವಾಗಿ ತೋರಿಸಲು ಒಪ್ಪುತ್ತಿಲ್ಲ ಅಷ್ಟೆ.

ವಿಂಡೋಸ್ ಇದ್ದರೆ

ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಪವರ್‌ಶೆಲ್ ಅಥವಾ ಟರ್ಮಿನಲ್ ಅನ್ನು ಅಡ್ಮಿನ್ ಆಗಿ ತೆರೆಯಿರಿ. ಹಳೆಯ ಕಪ್ಪು ಕಿಟಕಿ, ಅಂದರೆ ಸಿಎಂಡಿ, ಇದಕ್ಕೆ ಆಗುವುದಿಲ್ಲ. ಇಲ್ಲಿ ದೊಡ್ಡಕ್ಷರ ಸಣ್ಣಕ್ಷರದ ರಗಳೆ ಇಲ್ಲ. ಡಿ ಡ್ರೈವ್ ತುಂಬಿದ್ದರೆ:

ಡಿಐಆರ್ ಡಿ:\ -ರಿಕರ್ಸ್ -ಫೈಲ್ -ಫೋರ್ಸ್ -ಇಎ 0 | ವೇರ್ ಲೆಂಗ್ತ್ -ಜಿಟಿ 500ಎಂಬಿ | ಸಾರ್ಟ್ ಲೆಂಗ್ತ್ | ಸೆಲೆಕ್ಟ್ -ಲಾಸ್ಟ್ 20 ಲೆಂಗ್ತ್, ಫುಲ್‌ನೇಮ್ | ಎಫ್‌ಎಲ್

ರಿಕರ್ಸ್ ಸ್ಪೆಲಿಂಗ್: ಆರ್ ಇ ಸಿ ಯು ಆರ್ ಎಸ್ ಇ. ವೇರ್ ಅಂದರೆ ಎಲ್ಲಿ ಅನ್ನುವ ಪದದ ಸ್ಪೆಲಿಂಗ್. ಫುಲ್‌ನೇಮ್ ಒಂದೇ ಪದ, ನಡುವೆ ಸ್ಪೇಸ್ ಬೇಡ. ಫೋರ್ಸ್ ಇಲ್ಲದಿದ್ದರೆ ಅಡಗಿಸಿಟ್ಟ ಫೈಲುಗಳು ಬರುವುದಿಲ್ಲ. ಇಎ ಸೊನ್ನೆ ಅಂದರೆ ಅನುಮತಿ ಇಲ್ಲದ ಕಡೆಯ ಕೆಂಪು ಸಂದೇಶಗಳನ್ನು ನುಂಗು. ಕೊನೆಯ ಎಫ್‌ಎಲ್ ಬಿಟ್ಟರೆ ಉದ್ದದ ವಿಳಾಸಗಳು ಮೂರು ಚುಕ್ಕಿಯಲ್ಲಿ ಮೊಟಕಾಗುತ್ತವೆ. ವಿಂಡೋಸ್ 7ರ ಜೊತೆ ಬಂದ ಪವರ್‌ಶೆಲ್ 2ಕ್ಕೆ -ಫೈಲ್ ಗೊತ್ತಿಲ್ಲ. ಅಂಥ ಯಂತ್ರಗಳು ಹಳೇ ಅಂಗಡಿಗಳಲ್ಲಿ ಇನ್ನೂ ಇವೆ.

ಸಿ ಡ್ರೈವಿನ ಪಟ್ಟಿಯಲ್ಲಿ ಪೇಜ್‌ಫೈಲ್, ಹೈಬರ್‌ಫಿಲ್ ಅನ್ನುವ ಎರಡು ಫೈಲುಗಳು ಸಾಮಾನ್ಯವಾಗಿ ಕೊನೆಯ ಕಡೆ, ದೊಡ್ಡವುಗಳ ಸಾಲಿನಲ್ಲಿ, ಇರುತ್ತವೆ. ಮೊದಲನೆಯದು ರ‍್ಯಾಮ್ ಸಾಲದಾದಾಗ ಬಳಸುವ ಜಾಗ, ಬಿಟ್ಟುಬಿಡಿ. ಎರಡನೆಯದು ಹೈಬರ್ನೇಟ್‌ಗಾಗಿ, ಅದನ್ನು ಬಳಸದವರು ಪವರ್‌ಸಿಎಫ್‌ಜಿ /ಎಚ್ ಆಫ್ ಕೊಟ್ಟರೆ ಫೈಲ್ ತಾನಾಗಿ ಹೋಗಿ ಹಲವು ಜಿಬಿ ಸಿಗುತ್ತದೆ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ, ಕಂಪ್ಯೂಟರ್ ಶುರುವಾಗುವುದು ಸ್ವಲ್ಪ ನಿಧಾನ. ಒನ್‌ಡ್ರೈವ್‌ನಲ್ಲಿ ಮಾತ್ರ ಇದ್ದು ಯಂತ್ರಕ್ಕೆ ಇಳಿಯದ ಫೈಲುಗಳೂ ಪೂರ್ತಿ ಗಾತ್ರದಲ್ಲಿ ಪಟ್ಟಿಗೆ ಬರುತ್ತವೆ, ಅಳಿಸಿದರೆ ಜಾಗ ಸಿಗದು, ಕ್ಲೌಡ್‌ನಿಂದಲೂ ಹೋಗುತ್ತದೆ.

ಸಾಗಿಸಿ, ತಾಳೆ ನೋಡಿ, ಆಮೇಲೆ ಅಳಿಸಿ

ಕಮಾಂಡ್ ಲೈನಿನಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ನೇರ ಮಣ್ಣುಪಾಲು. ಮೂಲ ವಿಡಿಯೊಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಸಾಗಿಸುವುದಾದರೆ ಅದು ಫ್ಯಾಟ್32 ಆಗಿರಬಾರದು. 36 ಜಿಬಿಯ ಫೈಲ್ ನಾಲ್ಕು ಜಿಬಿ ತಲುಪಿದೊಡನೆ ತೀರಾ ದೊಡ್ಡದು ಅಂತ ನಿಂತುಬಿಡುತ್ತದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡಾಡುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ.

ಆರ್‌ಸಿಂಕ್ -ಆರ್‌ಟಿವಿ 'ತಿಪಟೂರು ಮದುವೆ/' '/ಮೀಡಿಯಾ/ಡಿಸ್ಕ್/ತಿಪಟೂರು ಮದುವೆ/'

ಆರ್‌ಸಿಂಕ್ ಸ್ಪೆಲಿಂಗ್ ಆರ್ ಎಸ್ ವೈ ಎನ್ ಸಿ. ಎರಡನೇ ವಿಳಾಸದ ಜಾಗದಲ್ಲಿ ಡಿಎಫ್ ತೋರಿಸಿದ ನಿಮ್ಮ ಡಿಸ್ಕಿನ ಜಾಗ ಹಾಕಿ. ಎರಡೂ ವಿಳಾಸದ ಕೊನೆಯ ಓರೆಗೆರೆ ಬೇಕು. ಮೊದಲನೆಯದರಲ್ಲಿ ಬಿಟ್ಟರೆ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಹುಟ್ಟುತ್ತದೆ. ನಡುವೆ ಕರೆಂಟ್ ಹೋದರೆ ಅದೇ ಕಮಾಂಡ್ ಮತ್ತೆ ಕೊಡಿ, ಪೂರ್ತಿ ಆದ ಫೈಲುಗಳನ್ನು ಬಿಟ್ಟು ಮುಂದುವರಿಯುತ್ತದೆ. ಮುಗಿದ ಮೇಲೆ -ಆರ್‌ಟಿವಿ ಜಾಗದಲ್ಲಿ -ಆರ್‌ಸಿಎನ್‌ವಿ ಹಾಕಿ ಇನ್ನೊಮ್ಮೆ ಓಡಿಸಿ. ಇದು ಏನನ್ನೂ ನಕಲು ಮಾಡದೆ ಎರಡೂ ಕಡೆಯ ಫೈಲುಗಳನ್ನು ಪೂರ್ತಿ ಓದಿ ಹೋಲಿಸುತ್ತದೆ, ನೂರಾರು ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಅಂಗಡಿ ಬಾಗಿಲು ಹಾಕುವಾಗ ಶುರು ಮಾಡಿ. ಬೆಳಗ್ಗೆ ನೋಡಿದಾಗ ಒಂದೂ ಫೈಲಿನ ಹೆಸರು ಬಂದಿಲ್ಲವಾದರೆ ಎರಡೂ ಪ್ರತಿ ಒಂದೇ. ಹೆಸರು ಬಂದಿದ್ದರೆ ಆ ಫೈಲ್ ಸರಿಯಾಗಿ ಹೋಗಿಲ್ಲ, ಮೂಲವನ್ನು ಮುಟ್ಟಬೇಡಿ. -ಆರ್‌ಟಿವಿ ಜಾಗದಲ್ಲಿ -ಆರ್‌ಸಿಟಿವಿ ಕೊಟ್ಟು ಅದನ್ನು ಮತ್ತೆ ಸಾಗಿಸಿ, ಮತ್ತೆ ತಾಳೆ ನೋಡಿ. ಮೂಲ ಅಳಿಸಿದ ನಂತರ ಡಿಸ್ಕಿನಲ್ಲಿರುವುದು ಒಂದೇ ಪ್ರತಿ ಆಗುತ್ತದೆ, ಆದ್ದರಿಂದ ಗಿರಾಕಿಗೆ ಆಲ್ಬಂ, ವಿಡಿಯೊ ಕೊಟ್ಟು ಒಪ್ಪಿಗೆಯಾಗುವ ತನಕ ಇನ್ನೊಂದು ಡಿಸ್ಕಿನಲ್ಲೂ ಇಟ್ಟಿರಿ.